ಗಂಟೆಯನ್ನು ತೂಕಕ್ಕೆ ಹಾಕುವ ಮೊದಲು

(ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ ಚರ್ಚಿನಲ್ಲಿ, ಸುಗ್ಗಿ ಹಬ್ಬದ ಮರುದಿನ ಆಡಿದ ಮಾತುಗಳ ಬರಹ ರೂಪ. ಊರಿನ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ. ಕಾರಣ ಮಾತಿನ ನಡುವೆ ಬರುತ್ತದೆ.)

ಗಂಟೆಯನ್ನು ಮಾರಬೇಡಿ. ನಾನು ಹೇಳಬೇಕಾದದ್ದು ಇಷ್ಟೇ. ಇಷ್ಟಕ್ಕೇ ಕೂತುಬಿಟ್ಟರೆ ಊಟ ಬೇಗ ಆಗುತ್ತದೆ ಅಂತ ಹಿಂದಿನ ಸಾಲಿನವರು ಆಗಲೇ ನಗುತ್ತಿದ್ದೀರಿ. ಆದರೆ ಮಾರಬೇಡಿ ಅಂದ ಮೇಲೆ ಕಾರಣ ಕೊಡಬೇಕಲ್ವಾ?

ಸಭೆಯ ಹಿರಿಯರು ನನ್ನನ್ನು ಕರೆದದ್ದು ಗಂಟೆಯ ಇತಿಹಾಸ ಹೇಳಲಿಕ್ಕೆ. ಇಲ್ಲಿಗೆ ಬಂದ ಮೇಲೆ ಇನ್ನೊಂದು ವಿಷಯ ಕಿವಿಗೆ ಬಿತ್ತು. ಇತಿಹಾಸ ಹೇಳಿಸಿಕೊಂಡು, ಆಮೇಲೆ ಗಂಟೆಯನ್ನು ಇಳಿಸಿ, ಗುಜರಿಗೆ ಹಾಕಿ, ಬಂದ ದುಡ್ಡಲ್ಲಿ ಗೋಪುರಕ್ಕೆ ನಾಲ್ಕು ಸ್ಪೀಕರ್ ಕಟ್ಟಬೇಕು ಅಂತ ಕೆಲವರ ಲೆಕ್ಕ. ಗಂಟೆಯ ದನಿ ಕೆಟ್ಟಿದೆ, 'ತಗಡು ಬಡಿದಂಗ ಕೇಳ್ತದ' ಅನ್ನುವುದು ದೂರು. ನಿನ್ನೆ ನಾನೂ ಕೇಳಿದೆ. ದನಿ ಕೆಟ್ಟಿದೆ, ನಿಜ. ಗಂಟೆ ಮಾತ್ರ ಗಟ್ಟಿಯಾಗಿದೆ.

ಮೊದಲು ಒಂದು ಸಣ್ಣ ಆಟ. ಈ ಕಂಚಿನ ಬಟ್ಟಲು ನಿಮ್ಮಲ್ಲೇ ಒಬ್ಬರ ಮನೆಯದು. ಬೆರಳ ತುದಿಗಳ ಮೇಲೆ ಇಟ್ಟುಕೊಂಡು ಚಮಚದಿಂದ ಹೊಡೆಯುತ್ತೇನೆ. ಕೇಳಿ, ದನಿ ಎಷ್ಟು ಹೊತ್ತು ಉಳಿಯಿತು. ಈಗ ಇನ್ನೊಮ್ಮೆ ಹೊಡೆದು, ಚಮಚವನ್ನು ಹಿಂದೆ ತೆಗೆಯದೆ ಅಂಚಿಗೇ ಒತ್ತಿ ಹಿಡಿಯುತ್ತೇನೆ. ಟಕ್. ಮುಗಿಯಿತು. ಬಟ್ಟಲು ಅದೇ, ಚಮಚ ಅದೇ, ಕೈ ಅದೇ. ಇದನ್ನು ನೆನಪಲ್ಲಿಡಿ. ಗೋಪುರ ಹತ್ತಿದಾಗ ಬೇಕಾಗುತ್ತದೆ.

ಸಾಮಾನ್ಯವಾಗಿ ಬಟ್ಟಲು ಮತ್ತು ದೊಡ್ಡ ಗಂಟೆ ಎರಡೂ ಒಂದೇ ಮನೆತನದ ಲೋಹ. ತಾಮ್ರ, ತವರ. ಗಂಟೆಗೆ ನೂರರಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಬರೀ ತಾಮ್ರ ಮೆತ್ತಗಿರುತ್ತದೆ, ಹೊಡೆದರೆ ದಪ್ಪ್ ಅನ್ನುತ್ತದೆ. ತವರ ಸೇರಿದಂತೆಲ್ಲ ಗಡಸಾಗುತ್ತದೆ, ನಾದ ಹುಟ್ಟುತ್ತದೆ. ಕೈಮೀರಿ ಸೇರಿಸಿದರೆ ಪೆಡಸಾಗಿ ಒಡೆಯುತ್ತದೆ. ತೋಪಿನ ಕಂಚಿಗೆ ಹತ್ತು ಪಾಲಿನ ಆಸುಪಾಸು ತವರ ಸಾಕು. ತೋಪು ಹಾಡಬೇಕಿಲ್ಲ, ಸಿಡಿಯದಿದ್ದರೆ ಸಾಕು.

ಆದರೆ ನಮ್ಮ ಸೀಮೆಯ ತೋಪೊಂದು ಈ ಲೆಕ್ಕ ತಪ್ಪಿಸುತ್ತದೆ. ವಿಜಯಪುರದ ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ನೀವೆಲ್ಲ ಶಾಲೆಯ ಟ್ರಿಪ್ಪಿನಲ್ಲಿ ನೋಡಿರುತ್ತೀರಿ. ಬಾಯಿ ತೆರೆದ ಸಿಂಹ, ಹಲ್ಲಿನ ಸಂದಿಯಲ್ಲಿ ಆನೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಅದರ ಲೋಹವನ್ನು ಪರೀಕ್ಷೆ ಮಾಡಿದವರಿಗೆ ಸಿಕ್ಕ ಲೆಕ್ಕ ತಾಮ್ರ ಸುಮಾರು 80, ತವರ ಸುಮಾರು 20. ಅಂದರೆ ಆ ತೋಪು ಲೋಹದಲ್ಲಿ ಗಂಟೆಯೇ. ತಟ್ಟಿದರೆ ಗಂಟೆಯ ಸದ್ದು ಬರುತ್ತದೆ ಅಂತ ಅಲ್ಲಿನವರು ಹೇಳುವುದು ಸುಮ್ನೆ ಅಲ್ಲ.

ಅದೇ ತೋಪಿನ ಇನ್ನೊಂದು ಕತೆ ಇವತ್ತಿನ ಸಭೆಗೆ ಸರಿಯಾಗಿ ಹೊಂದುತ್ತದೆ. 1854ರಲ್ಲಿ ಬ್ರಿಟಿಷ್ ಆಡಳಿತ ಹಳೇ ಸಾಮಾನೆಲ್ಲ ವಿಲೇವಾರಿ ಮಾಡಿ ಅಂತ ಹುಕುಂ ಹೊರಡಿಸಿತು. ತೋಪು ಹರಾಜಿಗೆ ಬಂತು. ಬಂದ ಅತಿ ದೊಡ್ಡ ಸವಾಲು 150 ರೂಪಾಯಿ. ಯಾರೋ ಪುಣ್ಯಾತ್ಮರು ಮೇಲಿನವರಿಗೆ ತಿಳಿಸಿ ಹರಾಜು ರದ್ದು ಮಾಡಿಸಿದರು. ಇಲ್ಲದಿದ್ದರೆ ಶೆರ್ಜಾ ಬುರುಜಿನ ಮೇಲೆ ಈಗ ನೋಡಲು ಗಾಳಿ ಮಾತ್ರ ಇರುತ್ತಿತ್ತು.

ತೋಪು, ಗಂಟೆ ಒಂದೇ ಲೋಹ ಆದದ್ದರಿಂದ ಗಂಟೆಗಳಿಗೆ ಯಾವಾಗಲೂ ಕಂಟಕ. ಯುದ್ಧ ಬಂದಾಗಲೆಲ್ಲ ಅರಸರ ಕಣ್ಣು ಗೋಪುರದ ಮೇಲೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸರ್ಕಾರ ತನ್ನ ಊರುಗಳಿಂದಲೂ ಹಿಡಿದ ದೇಶಗಳಿಂದಲೂ ಗಂಟೆ ಇಳಿಸಿತು. ಸುಮಾರು ಒಂದೂವರೆ ಲಕ್ಷ ಗಂಟೆಗಳು ಕರಗಿದವು ಅಂತ ಲೆಕ್ಕ. ಕರಗದೆ ಉಳಿದವು ಯುದ್ಧ ಮುಗಿದಾಗ ಹ್ಯಾಂಬರ್ಗ್ ಬಂದರಿನಲ್ಲಿ ರಾಶಿ ಬಿದ್ದಿದ್ದವು. ಈ ಮಾತನ್ನು ಇಲ್ಲಿ ಯಾಕೆ ಎತ್ತಿದೆ ಅನ್ನುವುದು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ.

ನಮ್ಮ ಕಡೆ ಗಂಟೆ ಲೂಟಿಯಾದದ್ದೂ ಉಂಟು. ಆದರೆ ಅದರ ಕೊನೆ ಬೇರೆ. 1739ರಲ್ಲಿ ಮರಾಠರ ಸೇನಾಪತಿ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ಮುಂಬಯಿ ಹತ್ತಿರದ ವಸಯಿ ಕೋಟೆ ಗೆದ್ದಾಗ ಅಲ್ಲಿನ ಚರ್ಚುಗಳ ಗಂಟೆಗಳು ಮರಾಠರ ಕೈಗೆ ಬಂದವು. ಅವರು ಅವನ್ನು ಕರಗಿಸಲಿಲ್ಲ. ಒಯ್ದು ದೇವಸ್ಥಾನಗಳಲ್ಲಿ ಕಟ್ಟಿದರು. ಭೀಮಾಶಂಕರಕ್ಕೆ ಹೋದವರು ನೋಡಿರಬಹುದು, ಗುಡಿಯ ಎದುರಿನ ದೊಡ್ಡ ಗಂಟೆಯ ಮೇಲೆ ಶಿಲುಬೆ ಇದೆ, 1729 ಅಂತ ಇಸವಿ ಇದೆ. ವಾಯಿ ಹತ್ತಿರದ ಮೇಣವಲಿ ಘಾಟಿನಲ್ಲಿ ತೂಗುವ ಗಂಟೆಯ ಮೇಲೆ ಮಗುವನ್ನು ಎತ್ತಿಕೊಂಡ ಮರಿಯಮ್ಮ. ಅಲ್ಲಿನ ಭಕ್ತರು ಆ ಗಂಟೆಯನ್ನು ಇಷ್ಟು ವರ್ಷ ಬಾರಿಸಿಕೊಂಡೇ ಬಂದಿದ್ದಾರೆ. ಯಾರ ದೇವರೂ ಬೇಸರ ಮಾಡಿಕೊಂಡ ಸುದ್ದಿ ಇಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಇಲ್ಲಿಗೆ ಚರ್ಚಿನ ಗಂಟೆ ಬಂದದ್ದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು ದಾರಿ ಗೋವಾದಿಂದ ಘಟ್ಟ ಹತ್ತಿ ಖಾನಾಪುರ, ಬೆಳಗಾವಿ ಕಡೆಗೆ. ಅದು ಕಥೋಲಿಕರ ದಾರಿ. ಗೋವಾದವರಿಗೆ ಗಂಟೆ ಅಂದರೆ ಮನೆಯ ಮಾತು. ಹಳೇ ಗೋವಾದ ಸೇ ಕೆಥೆಡ್ರಲಿನ 'ಬಂಗಾರದ ಗಂಟೆ'ಯನ್ನು ಹೊರಗಿನಿಂದ ತರಿಸಿದ್ದಲ್ಲ, 1652ರಲ್ಲಿ ಅಲ್ಲೇ ಕುಂಕಳ್ಳಿಯಲ್ಲಿ ಎರಕ ಹೊಯ್ದದ್ದು. ಪಣಜಿಯ ಬೆಟ್ಟದ ಮೇಲಿನ ಬಿಳಿ ಇಗರ್ಜಿಯಲ್ಲಿ ತೂಗುವುದು ಹಾಳುಬಿದ್ದ ಸಂತ ಆಗಸ್ಟೀನರ ಗೋಪುರದ ಗಂಟೆ, 1871ರಲ್ಲಿ ಅಲ್ಲಿಗೆ ಸೇರಿತು. ಆ ಸಂಪ್ರದಾಯದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಗಂಟೆ. ಗಂಟೆ ಕೇಳಿದರೆ ಹೊಲದಲ್ಲಿದ್ದವರೂ ನಿಂತು ಪ್ರಾರ್ಥನೆ ಹೇಳಬೇಕು. ಪವಿತ್ರ ಗುರುವಾರದ ಪೂಜೆಯಿಂದ ಈಸ್ಟರ್ ರಾತ್ರಿಯವರೆಗೆ ಗಂಟೆ ಮುಟ್ಟುವಂತಿಲ್ಲ. ಆಗ ಕಟ್ಟಿಗೆಯ ಗಿಲಕಿ ಆಡಿಸುತ್ತಾರೆ, ಕಟಕಟ ಸದ್ದು. ಗೋವಾದ ನೆರಳಲ್ಲೇ ಇದ್ದ ಬೆಳಗಾವಿಗೆ ಸ್ವಂತ ಧರ್ಮಪ್ರಾಂತ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಸೀಮೆ, ಬಂದದ್ದು 1953ರಲ್ಲಿ.

ಇನ್ನೊಂದು ನಿಮ್ಮ ದಾರಿ, ಪ್ರೊಟೆಸ್ಟಂಟರದು. ಲಂಡನ್ ಮಿಷನ್ನಿನವರು 1820ಕ್ಕೇ ಬೆಳಗಾವಿಯಲ್ಲಿ ಬೀಡುಬಿಟ್ಟಿದ್ದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ದಾಟಿ, 1851ರಲ್ಲಿ ಗುಳೇದಗುಡ್ಡಕ್ಕೆ ಬಂದರು. ಜರ್ಮನಿ, ಸ್ವಿಟ್ಜರ್ಲೆಂಡಿನ ರೈತರ, ಕಮ್ಮಾರರ, ನೇಕಾರರ ಮಕ್ಕಳು ಇವರು. ಬಂದ ಕಡೆಯೆಲ್ಲ ಒಂದು ಶಾಲೆ, ಒಂದು ಚರ್ಚು, ಕೈಗೂಡಿದರೆ ಒಂದು ಗಂಟೆ. 1876ರಿಂದ 78ರ ದೊಡ್ಡ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿ ಹಾಕಿತು. ಆಗ ಮಿಷನ್ನಿನವರು ಗಂಜಿ ಹಾಕಿದರು, ಅಪ್ಪ ಅಮ್ಮ ಇಲ್ಲದ ಮಕ್ಕಳನ್ನು ಸಾಕಿದರು. ನಿಮ್ಮಲ್ಲಿ ಎಷ್ಟೋ ಮನೆತನಗಳ ಚರ್ಚಿನ ನಂಟು ಆ ಬರದಿಂದ ಶುರುವಾಗುತ್ತದೆ.

ಆಗಿನ ಗುಳೇದಗುಡ್ಡ ಸೀಮೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಮನೆಮನೆಯಲ್ಲಿ ಕುಣಿಮಗ್ಗ, ಖಣದ ನೇಯ್ಗೆ. ಗಡಿಯಾರ ಯಾರ ಮನೆಯಲ್ಲೂ ಇಲ್ಲ. ಸಂತೆಯ ದಿನ ಗೊತ್ತು, ಅಮಾವಾಸ್ಯೆ ಗೊತ್ತು, ಜಾತ್ರೆ ಗೊತ್ತು. ಭಾನುವಾರ ಅನ್ನುವ ದಿನಕ್ಕೆ ಊರಲ್ಲಿ ಯಾವ ಗುರುತೂ ಇರಲಿಲ್ಲ. ಆ ಗುರುತು ಹಾಕಿದ್ದು ಗಂಟೆ. ಮೊದಲ ಗಂಟೆಗೆ ಸ್ನಾನ ಮುಗಿಸಬೇಕು, ಎರಡನೇ ಗಂಟೆಗೆ ಒಳಗೆ ಕೂತಿರಬೇಕು. ಕುಣಿಯಲ್ಲಿ ಕೂತು ಲಾಳಿ ಎಸೆಯುವವರಿಗೂ ಅದು ಕೇಳುತ್ತಿತ್ತು, ಅವರು ಯಾವ ದೇವರಿಗೆ ಕೈ ಮುಗಿಯುವವರಾದರೂ. ಯಾರಾದರೂ ತೀರಿಕೊಂಡರೆ ಒಂದೊಂದೇ ಏಟು, ನಡುವೆ ಉದ್ದ ಬಿಡುವು. ಈಗಲೂ ಈ ಊರಲ್ಲಿ ಆ ಬಿಡುವಿನ ಗಂಟೆ ಕೇಳಿದರೆ ಹಣಮಪ್ಪನ ಗುಡಿಕಟ್ಟೆಯ ಮೇಲೆ ಕೂತವರೂ 'ಯಾರು?' ಅಂತ ಕೇಳುತ್ತಾರೆ ಅಂತ ನಿನ್ನೆ ಒಬ್ಬ ಅಜ್ಜಿ ಹೇಳಿದರು. ಸ್ಪೀಕರ್ ಕಟ್ಟುವ ತರುಣರು ಈ ಮಾತನ್ನು ಸ್ವಲ್ಪ ಗಮನಿಸಬೇಕು.

ಇಷ್ಟು ಭಾರದ ವಸ್ತು ಇಲ್ಲಿಗೆ ಹೇಗೆ ಬಂತು? ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಹಾದು ಗದಗಕ್ಕೆ ರೈಲು ಬಂದದ್ದು 1884ರಲ್ಲಿ. ಅದಕ್ಕೂ ಮೊದಲಾದರೆ ಕರಾವಳಿಯ ಬಂದರಿನಿಂದ ಎತ್ತಿನ ಗಾಡಿಯೇ ಗತಿ. ಘಟ್ಟ ಹತ್ತಿಸಬೇಕು, ಹೊಳೆ ದಾಟಿಸಬೇಕು. ರೈಲು ಬಂದ ಮೇಲೆ ಗಂಟೆಗಳಿಗೂ ಸುಲಭವಾಯಿತು, ಜೋಳಕ್ಕೂ ಹತ್ತಿಗೂ ಆದ ಹಾಗೆ.

ಈಗ ನಿಮ್ಮ ಗಂಟೆ. ನಿನ್ನೆ ಸಂಜೆ ಗೋಪುರ ಹತ್ತುವ ಮೊದಲು ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಇದು ಪಂಚಲೋಹ, ಇದರಲ್ಲಿ ಬಂಗಾರವೂ ಇದೆ, ಜಾಸ್ತಿ ಜನರಿಗೆ ಹೇಳಬೇಡಿ ಅಂದರು. ಗುಜರಿಯವನೂ ಕಂಚಿನ ರೇಟಿನಲ್ಲೇ ಲೆಕ್ಕ ಹಾಕಿ ಹೋಗಿದ್ದನಂತೆ. ನಾನು ಒಬ್ಬ ಹುಡುಗನಿಗೆ ಕೆಟ್ಟುಹೋದ ಹಳೇ ಸ್ಪೀಕರ್ ಇದ್ದರೆ ತಾ ಅಂದೆ. ಅದರ ಬೆನ್ನಿನ ಅಯಸ್ಕಾಂತ ಬಿಚ್ಚಿಕೊಂಡು ಮೇಲೆ ಹೋದೆವು. ಗಂಟೆಯ ಹೊಟ್ಟೆಗೆ ಹಿಡಿದ ಕೂಡಲೇ ಟಪ್ಪನೆ ಕಚ್ಚಿಕೊಂಡಿತು. ಕೀಳಲಿಕ್ಕೆ ಎರಡು ಕೈ ಬೇಕಾಯಿತು. ಕಂಚಿಗೆ ಅಯಸ್ಕಾಂತ ಹಿಡಿಯುವುದಿಲ್ಲ. ಬಂಗಾರಕ್ಕಂತೂ ಇಲ್ಲವೇ ಇಲ್ಲ. ಹಿರಿಯರ ಮುಖ ಸಣ್ಣದಾಯಿತು. ಆಮೇಲೆ ಭುಜದ ಹತ್ತಿರ ಬೆಳ್ಳಿ ಬಣ್ಣದ ಪದರಗಳ ಕೆಳಗೆ ಬೆರಳಾಡಿಸಿದಾಗ ಉಬ್ಬು ಅಕ್ಷರ ಸಿಕ್ಕವು. ಬಣ್ಣ ಕೆರೆದರೆ 'ಬೊಕುಮ್' ಅನ್ನುವ ಊರಿನ ಹೆಸರು.

ನಿಮ್ಮದು ಉಕ್ಕಿನ ಗಂಟೆ. ಇದರ ಕತೆ ನನಗಂತೂ ಬಂಗಾರಕ್ಕಿಂತ ರುಚಿ.

ಬೊಕುಮ್ ಜರ್ಮನಿಯ ಕಲ್ಲಿದ್ದಲ ಸೀಮೆಯ ಊರು. ಅಲ್ಲಿ ಯಾಕೊಬ್ ಮಾಯರ್ ಅನ್ನುವವರು 1850ರ ಆಸುಪಾಸಿನಲ್ಲಿ ಉಕ್ಕನ್ನು ಕರಗಿಸಿ ನೇರ ಅಚ್ಚಿಗೆ ಹೊಯ್ಯುವ ವಿದ್ಯೆ ಕಂಡುಹಿಡಿದರು. ಅದರಿಂದ ಮಾಡಿದ ಮೊದಲ ಹೆಸರಾಂತ ಸರಕೇ ಗಂಟೆ. 1855ರಲ್ಲಿ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನಕ್ಕೆ ಒಯ್ದರು. ಆಗಲೇ ಹೆಸರು ಮಾಡಿದ್ದ ಉಕ್ಕಿನ ಸಾಹುಕಾರ ಕ್ರುಪ್, ಇದು ಉಕ್ಕಲ್ಲ, ಬರೀ ಬೀಡು ಕಬ್ಬಿಣ ಅಂತ ತಕರಾರು ತೆಗೆದರು. ಮಾಯರ್ ಕಡೆಯವರು ವಾದ ಮಾಡಲಿಲ್ಲ. ಒಂದು ಗಂಟೆಯನ್ನು ಒಡೆಸಿ, ಅದರ ತುಂಡನ್ನು ಕುಲುಮೆಗೆ ಹಾಕಿ, ಎಲ್ಲರೆದುರು ಬಡಿಸಿದರು. ಬೀಡಾಗಿದ್ದರೆ ಪುಡಿಯಾಗಬೇಕಿತ್ತು. ಬಾಗಿತು. ಇಲ್ಲಿ ಕಮ್ಮಾರಿಕೆ ಗೊತ್ತಿರುವವರು ತಲೆ ಆಡಿಸುತ್ತಿದ್ದೀರಿ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲೂ ಅದೇ ಕಾಲದಲ್ಲಿ ಉಕ್ಕಿನ ಗಂಟೆ ಹೊಯ್ಯಲು ಶುರು ಮಾಡಿದರು.

ಉಕ್ಕಿನ ಗಂಟೆಯ ಗುಣ ಒಂದೇ, ಅಗ್ಗ. ಬಡ ಸಭೆಗಳಿಗೆ, ಮಿಷನ್ನುಗಳಿಗೆ ಅದು ವರ. ದೋಷಗಳೂ ಇವೆ. ಒಂದೇ ಸ್ವರ ಬೇಕಾದರೆ ಉಕ್ಕಿನದು ಕಂಚಿಗಿಂತ ದೊಡ್ಡದಾಗಿರಬೇಕು. ದನಿ ಕಂಚಿನಷ್ಟು ಹೊತ್ತು ನಿಲ್ಲುವುದಿಲ್ಲ, ಸ್ವಲ್ಪ ಒರಟು. ಮೇಲಾಗಿ ತುಕ್ಕು. ಪಂಡಿತರು ಬಹಳ ಕಾಲ ಇವನ್ನು ಕೀಳಾಗಿಯೇ ಕಂಡರು. ಆದರೆ ಆ ಯುದ್ಧದ ಮಾತು ಹೇಳಿದ್ದೆನಲ್ಲ? ಗಂಟೆ ಇಳಿಸಲು ಬಂದವರಿಗೆ ಬೇಕಾಗಿದ್ದದ್ದು ತಾಮ್ರ, ತವರ. ಉಕ್ಕಿನ ಗಂಟೆಯನ್ನು ನೋಡಿ ಹಾಗೇ ಬಿಟ್ಟು ಹೋದರು. ಜರ್ಮನಿಯಲ್ಲಿ ಎಷ್ಟೋ ಊರುಗಳ ಗೋಪುರದಲ್ಲಿ ಯುದ್ಧ ಕಳೆದು ಉಳಿದದ್ದು ಈ ಕೀಳು ಗಂಟೆಗಳೇ.

ನಿಮ್ಮ ಗಂಟೆಗೂ ಅದೇ ರಕ್ಷಣೆ. ಗುಜರಿಗೆ ಹಾಕಿದರೆ ಕಬ್ಬಿಣದ ರೇಟು ಸಿಗುತ್ತದೆ. ಇಳಿಸುವ ಕೂಲಿ, ಕ್ರೇನಿನ ಬಾಡಿಗೆ ಕಳೆದರೆ ಸ್ಪೀಕರಿನ ವೈರಿಗೆ ಸಾಕಾದರೆ ಹೆಚ್ಚು. ಕಳ್ಳನಿಗೂ ಇದರಿಂದ ಲಾಭ ಇಲ್ಲ. ಆದರೆ ಕಳ್ಳನಿಗೆ ಅದು ಗೊತ್ತಾಗುವುದು ಇಳಿಸಿದ ಮೇಲೆ. ಅದಕ್ಕೇ ಈ ಮಾತನ್ನು ಬರೆದು ಹಾಕುವಾಗ ಊರಿನ ಹೆಸರು ಹಾಕುವುದಿಲ್ಲ.

ಹಾಗಾದರೆ ದನಿ ಯಾಕೆ ಕೆಟ್ಟಿತು?

ಗಂಟೆಗೆ ಒಂದು ಏಟು ಬಿದ್ದರೆ ಹೊರಡುವುದು ಒಂದು ಸ್ವರ ಅಲ್ಲ. ಸಂಗೀತ ಬಲ್ಲವರಿಗೆ ಹೀಗೆ ಹೇಳಬಹುದು. ಒಳ್ಳೆಯ ಗಂಟೆಯಲ್ಲಿ ಕೆಳಗೆ ಮಂದ್ರ ಷಡ್ಜ ಗುಂಯ್ ಅನ್ನುತ್ತಿರುತ್ತದೆ. ಅದರ ಮೇಲೆ ಮಧ್ಯ ಷಡ್ಜ, ಅದರ ಮೇಲೆ ಕೋಮಲ ಗಾಂಧಾರ, ಪಂಚಮ, ತಾರ ಷಡ್ಜ. ಚರ್ಚಿನ ಗಂಟೆ ಎಷ್ಟು ಸಂತೋಷಕ್ಕೆ ಬಾರಿಸಿದರೂ ಒಳಗೆ ಎಲ್ಲೋ ಒಂದು ನೋವು ಕೇಳಿಸುತ್ತದಲ್ಲ, ಅದು ಆ ಕೋಮಲ ಗಾಂಧಾರದ ಕೆಲಸ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ, ಗಂಗೂಬಾಯಿಯವರ ಹುಬ್ಬಳ್ಳಿ ಇಷ್ಟು ಹತ್ತಿರ ಇರುವಾಗ ನಮ್ಮವರಿಗೆ ಇದು ಬೇಗ ಕಿವಿಗೆ ಹತ್ತಬೇಕು. ಈ ಸ್ವರಗಳೆಲ್ಲ ಹೊರಡಬೇಕಾದರೆ ಗಂಟೆಯ ಅಂಚು ಬಿಡುಬೀಸಾಗಿ ನಡುಗಬೇಕು. ಏನಾದರೂ ಒತ್ತಿ ಹಿಡಿದರೆ ಮೊದಲು ಸಾಯುವುದು ಆ ಗುಂಯ್. ಉಳಿಯುವುದು ತಗಡು.

ಇನ್ನು ಮೇಲೆ ನಾನು ಕಂಡದ್ದು. ಏಣಿಯ ಕೊನೆ ಮೆಟ್ಟಿಲಲ್ಲೇ ಪಾರಿವಾಳದ ಹಿಕ್ಕೆ ಹಿಮ್ಮಡಿ ಮುಳುಗುವಷ್ಟು. ಗಂಟೆಯ ನೆತ್ತಿಯ ಮೇಲೂ ಅದೇ, ಒಣಗಿ ಗಟ್ಟಿ. ಮಳೆಯ ತೇವ ಅದರಲ್ಲಿ ನಿಂತು ತುಕ್ಕು ತಿನ್ನುತ್ತಿರುವುದು ಸರಿಯಾಗಿ ಆ ಜಾಗದಲ್ಲೇ. ಗಂಟೆ ತೂಗುವ ನೊಗ ಸಾಗವಾನಿ, ಗೆದ್ದಲು ಮುಟ್ಟಿಲ್ಲ. ಆದರೆ ಗಂಟೆಯನ್ನು ನೊಗಕ್ಕೆ ಬಿಗಿಯುವ ಬೋಲ್ಟುಗಳಲ್ಲಿ ಒಂದು ಯಾವಾಗಲೋ ಮುರಿದು, ಅದರ ಬದಲು ಸ್ಲ್ಯಾಬಿಗೆ ಹಾಕುವ ಕಬ್ಬಿಣದ ಸರಳನ್ನು ಬಗ್ಗಿಸಿ ಸಿಕ್ಕಿಸಿದ್ದಾರೆ. ಗಂಟೆ ಒಂದು ಕಡೆ ವಾಲಿದೆ. ವಾಲಿದ ಗಂಟೆಗೆ ನಾಲಗೆ ಎರಡೂ ಕಡೆ ಸಮ ಬೀಳುವುದಿಲ್ಲ. ಒಳಗೆ ಅಂಚಿನಲ್ಲಿ ಎರಡು ಕಡೆ ಸವೆದು ಹೊಳೆಯುತ್ತಿದೆ, ಒಂದು ಕಡೆಯದು ಅಂಗೈಯಷ್ಟು ಅಗಲ, ಇನ್ನೊಂದು ಕಡೆಯದು ರೂಪಾಯಿಯಷ್ಟು. ನಾಲಗೆಯ ಕೊಕ್ಕೆ ಸವೆದು ಸಡಿಲಾಗಿ ಅದು ಹಿಂದೆ ಮುಂದೆ ಆಡುವ ಬದಲು ಅಡ್ಡಾದಿಡ್ಡಿ ಆಡುತ್ತದೆ.

ಆಮೇಲೆ ಹಗ್ಗ. ಮುಖ್ಯ ಆರೋಪಿ ಇವನೇ. ನೈಲಾನ್ ಹಗ್ಗವನ್ನು ನೇರ ನಾಲಗೆಯ ತುದಿಗೆ ಕಟ್ಟಿ, ಕಿಂಡಿಯಿಂದ ಕೆಳಗೆ ಬಿಟ್ಟಿದ್ದಾರೆ. ಹಳೇ ಕಾಲದಲ್ಲಿ ನೊಗಕ್ಕೆ ಒಂದು ಚಕ್ರ ಇತ್ತು, ಹಗ್ಗ ಆ ಚಕ್ರಕ್ಕೆ ಇತ್ತು. ಎಳೆದರೆ ಗಂಟೆಯೇ ತೂಗುತ್ತಿತ್ತು. ಚಕ್ರದ ಅರ್ಧ ಈಗಲೂ ಅಲ್ಲೇ ಮೂಲೆಯಲ್ಲಿ ಬಿದ್ದಿದೆ. ಚಕ್ರ ಮುರಿದಾಗ ಯಾರೋ ಸುಲಭದ ದಾರಿ ಹುಡುಕಿದರು. ಇದು ಇಲ್ಲಿ ಮಾತ್ರ ಅಲ್ಲ, ಲೋಕದ ತುಂಬ ನಡೆದಿದೆ. ನಾಲಗೆಗೆ ಹಗ್ಗ ಕಟ್ಟಿ ಎಳೆದದ್ದರಿಂದ ಸೀಳಿದ ಗಂಟೆಗಳಿಗೆ ಲೆಕ್ಕವಿಲ್ಲ. ಕಾರಣ ಆ ಬಟ್ಟಲು ಮತ್ತು ಚಮಚದಲ್ಲೇ ಇದೆ. ಕೆಳಗೆ ನಿಂತವರು ಹಗ್ಗ ಎಳೆದು ಕೂಡಲೇ ಬಿಡುವುದಿಲ್ಲ, ಜೋರಾಗಿ ಬರಲಿ ಅಂತ ಇನ್ನೂ ಜಗ್ಗುತ್ತಾರೆ. ನಾಲಗೆ ಅಂಚಿಗೆ ಒತ್ತಿಕೊಂಡೇ ಇರುತ್ತದೆ. ಅಂಚು ನಡುಗಲಿಕ್ಕೆ ಜಾಗವಿಲ್ಲ. ದನಿಯೂ ಸತ್ತಿತು, ಏಟಿನ ಬಲವೆಲ್ಲ ಒಂದೇ ಕಡೆ ಲೋಹದ ಮೇಲೆ ಬಿತ್ತು. ದನಿ ಸಣ್ಣದಾಯಿತು ಅಂತ ಇನ್ನೂ ಜೋರಾಗಿ ಎಳೆಯುತ್ತಾರೆ. ಕಂಚಾಗಿದ್ದರೆ ಇಷ್ಟು ಹೊತ್ತಿಗೆ ಸೀಳುತ್ತಿತ್ತೋ ಏನೋ. ಉಕ್ಕು ತಡೆದುಕೊಂಡಿದೆ.

ಬಣ್ಣವೂ ಸಾಕು. ಪ್ರತಿ ಕ್ರಿಸ್ಮಸ್ಸಿಗೆ ಯಾರೋ ಭಕ್ತಿಯಿಂದ ಒಂದು ಕೈ ಬೆಳ್ಳಿ ಬಣ್ಣ ಹೊಡೆದಿದ್ದಾರೆ, ಹಳೆಯದನ್ನು ಕೆರೆಯದೆ, ಒಳಗೂ ಹೊರಗೂ. ದಪ್ಪ ಬಣ್ಣ ದನಿಯನ್ನು ಸ್ವಲ್ಪ ನುಂಗುತ್ತದೆ, ಅದಕ್ಕಿಂತ ಹೆಚ್ಚಾಗಿ ಬಿರುಕು ಮುಚ್ಚಿಡುತ್ತದೆ. ಉಕ್ಕಿಗೆ ತುಕ್ಕು ತಡೆಯುವ ತೆಳು ಲೇಪ ಬೇಕು, ನಿಜ. ಆದರೆ ಏಟು ಬೀಳುವ ಅಂಚಿನ ಒಳಭಾಗ ಬಿಟ್ಟು.

ಮಾಡಬೇಕಾದದ್ದು ದೊಡ್ಡದೇನಲ್ಲ. ಮೊದಲ ಕೆಲಸ ಹಗ್ಗವನ್ನು ನಾಲಗೆಯಿಂದ ಬಿಚ್ಚುವುದು, ಅದನ್ನು ಇವತ್ತೇ ಮಾಡಬಹುದು. ಬೋಲ್ಟು ಹೊಸದು ಹಾಕಿಸಿ, ವಾಲಿದ್ದನ್ನು ನೇರ ಮಾಡಿಸಿ. ಹಾಗೆ ಬಿಚ್ಚಿದಾಗ ಗಂಟೆಯನ್ನು ಕಾಲು ಸುತ್ತು ತಿರುಗಿಸಿ ಕಟ್ಟಿಸಿ. ಆಗ ನಾಲಗೆ ಸವೆದ ಜಾಗ ಬಿಟ್ಟು ಹೊಸ ಜಾಗಕ್ಕೆ ಬೀಳುತ್ತದೆ. ಯುರೋಪಿನಲ್ಲಿ ಹಳೇ ಗಂಟೆಗಳಿಗೆಲ್ಲ ಹೀಗೇ ಮಾಡುತ್ತಾರೆ. ನಾಲಗೆಯ ಕೊಕ್ಕೆಗೆ ಹೊಸ ಬುಷ್ ಹಾಕಿಸಬೇಕು. ನಾಲಗೆಯನ್ನೇ ಬದಲಿಸುವಂತಾದರೆ ಮೆದು ಕಬ್ಬಿಣದ್ದೇ ಇರಲಿ. ಬೇರಿಂಗಿನ ಗುಂಡು, ರೈಲು ಹಳಿಯ ತುಂಡು ಹಾಕಿಸಬೇಡಿ. ನಾಲಗೆ ಗಂಟೆಗಿಂತ ಮೆತ್ತಗಿರಬೇಕು, ಸವೆಯುವುದಾದರೆ ಅದು ಸವೆಯಲಿ. ಚಕ್ರವನ್ನು ಬಡಗಿಯೊಬ್ಬರು ಆ ಅರ್ಧ ತುಂಡನ್ನು ನೋಡಿ ಮಾಡಿಕೊಡುತ್ತಾರೆ. ಕಿಟಕಿಗೆ ಜಾಲರಿ ಹಾಕಿದರೆ ಪಾರಿವಾಳದ ಕಾಟ ಮುಗಿಯಿತು.

ಬಿರುಕು ಇದೆಯೋ ಇಲ್ಲವೋ ಅಂತ ನೋಡಲು ಹಳೇ ಉಪಾಯ ಒಂದಿದೆ, ನಿನ್ನೆ ಅದನ್ನೂ ಮಾಡಿದೆವು. ಅಂಚಿನ ಬಣ್ಣ ಕೆರೆದು ಸೀಮೆಎಣ್ಣೆ ಸವರಬೇಕು. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಆಮೇಲೆ ಒಣ ಸುಣ್ಣದ ಪುಡಿ ಹಚ್ಚಬೇಕು. ಕೂದಲೆಳೆಯ ಬಿರುಕಿದ್ದರೂ ಒಳಗೆ ಇಳಿದ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ನಾವು ಲಾಟೀನು ಹಿಡಿದು ಅಂಚನ್ನು ಪೂರ್ತಿ ಸುತ್ತಿದೆವು. ಗೆರೆ ಬರಲಿಲ್ಲ. ಆ ಹೊತ್ತಿಗೆ ಹಿರಿಯರ ಮುಖವೂ ಸ್ವಲ್ಪ ಅರಳಿತ್ತು.

ಸ್ಪೀಕರ್ ಬೇಡ ಅಂತ ನಾನು ಹೇಳುವುದಿಲ್ಲ, ಅದು ನಿಮ್ಮ ಸಭೆಯ ವಿಚಾರ. ಲೆಕ್ಕ ಮಾತ್ರ ಸರಿಯಾಗಿ ಹಾಕಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಸ್ಪೀಕರಿಗೆ ಬರಹದ ಪರವಾನಿಗೆ ಬೇಕು, ರಾತ್ರಿ 10ರಿಂದ ಬೆಳಗಿನ 6ರವರೆಗೆ ಹಾಕುವಂತಿಲ್ಲ. ಕರೆಂಟು ಹೋದರೆ ಮೌನ. ಮೊಬೈಲಿನಿಂದ ಬಾರಿಸುವ ಗಂಟೆ ಯಾವುದೋ ದೇಶದ ಯಾವುದೋ ಊರಿನದು. ಅದನ್ನು ಕೇಳಿ ಗುಡಿಕಟ್ಟೆಯವರು 'ಯಾರು?' ಅಂತ ಕೇಳುತ್ತಾರೋ ಇಲ್ಲವೋ, ನೀವೇ ಯೋಚನೆ ಮಾಡಿ.

ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಮುಂದೆ ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಿಸಬಹುದಾ? ಉಕ್ಕಿಗೂ ಕಂಚಿಗೂ ನನ್ನ ಉತ್ತರ ಒಂದೇ, ಊರಿನ ವೆಲ್ಡರ್ ಕೈಗೆ ಕೊಡಬೇಡಿ. ಒಂದೇ ಕಡೆ ಕಾಯಿಸಿದರೆ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಜರ್ಮನಿಯಲ್ಲಿ ಕಂಚಿನ ಗಂಟೆಯ ಬೆಸುಗೆ ಹಾಕುವವರು ಇಡೀ ಗಂಟೆಯನ್ನು ಕುಲುಮೆಯಲ್ಲಿ ನಿಧಾನ ಕಾಯಿಸಿ, ಬೆಸೆದು, ನಿಧಾನ ಆರಿಸುತ್ತಾರೆ. ಅಷ್ಟು ಮಾಡಲಾಗದಿದ್ದರೆ ಬಾರಿಸುವುದನ್ನು ನಿಲ್ಲಿಸಿ ಹಾಗೇ ಇಡುವುದು ಮೇಲು.

ಬಾರಿಸುವ ಹುಡುಗ ಕೇಳಿದ, ಹೇಗೆ ಎಳೀಬೇಕು ಅಂತ. ಅವನ ಕೈಗೆ ಬಟ್ಟಲು, ಚಮಚ ಕೊಟ್ಟೆ. ಎರಡನೇ ಸಲಕ್ಕೇ ತಿಳಿಯಿತು. ಏಟು ಬಿದ್ದ ಕ್ಷಣ ಕೈ ಸಡಿಲ ಬಿಡಬೇಕು, ಅಷ್ಟೇ.

ಕೊನೆಯ ಪ್ರಶ್ನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹಣಮಪ್ಪನ ಗುಡಿಯ ಪೂಜಾರಿಯವರದು. ಅವರ ಗುಡಿಯ ದೊಡ್ಡ ಗಂಟೆಯೂ ಈ ನಡುವೆ ಗರಗರ ಅನ್ನುತ್ತದಂತೆ, ಅದಕ್ಕೂ ಈ ಸುಣ್ಣದ ಉಪಾಯ ನಡೆಯುತ್ತದಾ ಅಂದರು. ನಡೆಯುತ್ತದೆ. ಅದು ನಿಜವಾದ ಕಂಚು, ಬೇಗ ನೋಡಬೇಕು. ಇನ್ನೊಂದು ಮಾತು, ಹಬ್ಬದ ಮುಂದೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುವುದನ್ನು ಬಿಡಿ ಅಂದೆ. ಆ ಕಂದು ಬಣ್ಣವೇ ಕಂಚಿಗೆ ಕಾವಲು, ಪ್ರತಿ ಸಲ ತಿಕ್ಕಿದಾಗ ಒಂದು ಪದರ ಲೋಹವೂ ಹೋಗುತ್ತದೆ. ಊಟ ಮುಗಿಸಿ ಅವರ ಗುಡಿಗೆ ಹೋಗುವುದು ಅಂತ ಆಯಿತು. ಏಣಿ ಚರ್ಚಿನದು, ಸೀಮೆಎಣ್ಣೆ ಗುಡಿಯದು.